ಪರಮಾಣು, ಪ್ರೋಟಾನು ಮತ್ತು ಸತ್ಯಾಣುವ್ರತ

ಸುಳ್ಳನ್ನು ಹೇಳಬಾರದೆಂಬುದು ಪ್ರತಿಯೊಂದು ಮನೆಯಲ್ಲಿಯೂ ಮಗುವಿಗೆ ಕಲಿಸುವ ಮೊದಲ ಪಾಠ. ತಿಳಿಯದುದನ್ನು ತಿಳಿದಂತೆ ಹೇಳಬಾರದೆಂಬುದು ಅದಕ್ಕಿಂತ ಸೂಕ್ಷ್ಮವಾದ ಪಾಠ. ಮೊದಲನೆಯದನ್ನು ಮೀರಿದವನಿಗೆ ತಾನು ತಪ್ಪಿದೆನೆಂಬ ಅರಿವಾದರೂ ಇರುತ್ತದೆ. ಎರಡನೆಯದನ್ನು ಮೀರಿದವನಿಗೆ ಆ ಅರಿವೂ ಇರುವುದಿಲ್ಲ. ಎಷ್ಟೋ ವೇಳೆ ಅವನು ಭಕ್ತಿಯಿಂದಲೂ ಒಳ್ಳೆಯ ಉದ್ದೇಶದಿಂದಲೂ ಹಾಗೆ ನುಡಿದಿರುತ್ತಾನೆ. ಅಂತಹ ನುಡಿಯಿಂದಲೂ ಸತ್ಯಾಣುವ್ರತಕ್ಕೆ ಕುಂದು ಬರುತ್ತದೆಯೇ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ. ವಿಜ್ಞಾನದ ಸುದ್ದಿಗಳು ಮನೆಮನೆಯನ್ನೂ ತಲುಪುತ್ತಿರುವ ಈ ಕಾಲದಲ್ಲಿ ಅದು ಹಿಂದಿಗಿಂತ ಹತ್ತಿರಕ್ಕೆ ಬಂದಿದೆ.

ವಿಜಯನಗರದ ಒಂದು ಶ್ರಾವಕ ಕುಟುಂಬದಲ್ಲಿ ಹೀಗೊಂದು ಪ್ರಸಂಗ ನಡೆಯಿತೆಂದು ಭಾವಿಸಬಹುದು. ಮೊಮ್ಮಗಳು ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಸೂರ್ಯಾಸ್ತಕ್ಕೆ ಮುಂಚಿನ ಊಟ ಮುಗಿದಿದೆ. ತಾತ ಪತ್ರಿಕೆಯಲ್ಲಿ ಓದಿದ ಸುದ್ದಿಯನ್ನು ಸಂತೋಷದಿಂದ ಹೇಳುತ್ತಾರೆ: “ನೋಡಿದೆಯಾ ಮಗು, ಪ್ರೋಟಾನು ನಾಶವಾಗುವುದೇ ಇಲ್ಲವಂತೆ. ಪರಮಾಣು ನಿತ್ಯವೆಂದು ನಮ್ಮ ಆಚಾರ್ಯರು ಎಂದೋ ಹೇಳಿದ್ದರು. ಈಗ ವಿಜ್ಞಾನವೂ ಒಪ್ಪಿಕೊಂಡಿತು.” ಅವಳು “ಹಾಗಲ್ಲ ತಾತ” ಎನ್ನಹೊರಟು, ಹಿರಿಯರ ಮಾತಿಗೆ ಎದುರಾಡಬಾರದೆಂದು ಸುಮ್ಮನಾಗುತ್ತಾಳೆ. ತಾತ ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಆದರೂ ಆ ಮೌನದಲ್ಲಿ ಏನೋ ಒಂದು ಬಿರುಕು ಬಿಟ್ಟಿದೆ. ಅದು ಏನೆಂದು ತಿಳಿಯಬೇಕಾದರೆ ಪ್ರೋಟಾನಿನ ಸುದ್ದಿ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕು. ಆ ಕಥೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯಲ್ಲಿ ನಡೆಯಿತು.

ಆಕಾಶದಿಂದ ಸದಾಕಾಲವೂ ಸುರಿಯುವ ವಿಶ್ವಕಿರಣಗಳು ಸೂಕ್ಷ್ಮವಾದ ಪ್ರಯೋಗಗಳನ್ನು ಕೆಡಿಸುತ್ತವೆ. ನೆಲದಡಿಗೆ ಇಳಿದಷ್ಟೂ ಬಂಡೆಯು ಅವುಗಳನ್ನು ತಡೆಯುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಾರಣದಿಂದಲೇ ಕೋಲಾರದ ಆಳವಾದ ಗಣಿಯನ್ನು ಆರಿಸಿಕೊಂಡರು. ಎಂ.ಜಿ.ಕೆ. ಮೆನನ್ ಮತ್ತು ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಆ ಕಾರ್ಯದ ಪ್ರಮುಖರಲ್ಲಿ ಇಬ್ಬರು. 1965ರಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣದ ಗುರುತುಗಳನ್ನು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ ಇಲ್ಲಿ ಕಂಡರು. ಜಗತ್ತಿನಲ್ಲಿ ಅಂತಹ ಗುರುತು ಕಂಡ ಮೊದಲ ಎರಡು ಸ್ಥಳಗಳಲ್ಲಿ ಕೋಲಾರ ಒಂದು; ಮತ್ತೊಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿ.

1970ರ ದಶಕದಲ್ಲಿ ಭೌತವಿಜ್ಞಾನವು ಒಂದು ದೊಡ್ಡ ಆಶೆಯನ್ನು ಇಟ್ಟುಕೊಂಡಿತು. ವಿದ್ಯುತ್ಕಾಂತ ಬಲ, ಪರಮಾಣು ಬೀಜದೊಳಗಿನ ಪ್ರಬಲ ಬಲ ಮತ್ತು ದುರ್ಬಲ ಬಲ, ಈ ಮೂರೂ ಒಂದೇ ಮೂಲದ ಮೂರು ಮುಖಗಳಿರಬಹುದೆಂಬುದೇ ಆ ಆಶೆ. ಒಡಿಶಾದ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ ಒಂದು ಬಗೆಯಲ್ಲಿಯೂ, 1974ರಲ್ಲಿ ಜಾರ್ಜಿ ಮತ್ತು ಗ್ಲಾಷೋ ಮತ್ತೊಂದು ಬಗೆಯಲ್ಲಿಯೂ ಇದನ್ನು ಮಂಡಿಸಿದರು. ಹಾಗಿದ್ದ ಪಕ್ಷದಲ್ಲಿ ಪ್ರೋಟಾನು ಎಂದೋ ಒಂದು ದಿನ ಒಡೆಯಲೇಬೇಕಾಗಿತ್ತು. ಜಾರ್ಜಿ-ಗ್ಲಾಷೋ ಲೆಕ್ಕದಂತೆ ಅದರ ಸರಾಸರಿ ಆಯುಸ್ಸು ಸುಮಾರು 10ರ 30ನೆಯ ಘಾತದಷ್ಟು ವರ್ಷಗಳ ಆಸುಪಾಸಿನದು. ವಿಶ್ವದ ವಯಸ್ಸೇ 1380 ಕೋಟಿ ವರ್ಷವಾಗಿರುವಾಗ ಅಷ್ಟು ಕಾಲ ಯಾರು ಕಾಯಬಲ್ಲರು? ಉಪಾಯ ಸರಳವಾದುದು. ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯುವ ಬದಲು ಅಷ್ಟು ಕಣಗಳನ್ನು ಒಂದು ವರ್ಷ ಕಾಯಬೇಕು.

1980ರಲ್ಲಿ ಕೋಲಾರದ ಆಳದಲ್ಲಿ 140 ಟನ್ ಕಬ್ಬಿಣದ ಪದರಗಳ ನಡುವೆ ಶೋಧಕಗಳನ್ನಿಟ್ಟು ಆ ಕಾವಲು ಆರಂಭವಾಯಿತು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನು-ನ್ಯೂಟ್ರಾನುಗಳ ಸಂಖ್ಯೆ 10ರ 31ನೆಯ ಘಾತವನ್ನು ಮೀರುತ್ತದೆ. ಆದುದರಿಂದ ಲೆಕ್ಕ ಸರಿಯಾಗಿದ್ದರೆ ವರ್ಷಕ್ಕೆ ಕೆಲವಾದರೂ ಒಡೆಯುವುದನ್ನು ಕಾಣಬೇಕಾಗಿತ್ತು. ಪ್ರೋಟಾನಿನ ಒಡೆಯುವಿಕೆಯನ್ನು ಹೋಲುವ ಕೆಲವು ಗುರುತುಗಳು ಕಂಡುವು. ಜಗತ್ತಿನಾದ್ಯಂತ ಕುತೂಹಲ ಎದ್ದಿತು. ಆದರೆ ನ್ಯೂಟ್ರಿನೋ ಬಂದು ಕಬ್ಬಿಣಕ್ಕೆ ತಾಗಿದಾಗಲೂ ಅಂಥದೇ ಗುರುತು ಮೂಡಬಲ್ಲದು. 1965ರಲ್ಲಿ ತಾವೇ ಗುರುತಿಸಿದ್ದ ಅತಿಥಿಯೇ ಈಗ ಸಂದೇಹದ ರೂಪದಲ್ಲಿ ಬಾಗಿಲಿನಲ್ಲಿ ನಿಂತಿತ್ತು. ಆದುದರಿಂದ ಅವರು ಪ್ರಕಟಿಸಿದ ಲೇಖನಗಳಲ್ಲಿ ಅವುಗಳನ್ನು ಪ್ರೋಟಾನಿನ ಒಡೆಯುವಿಕೆಯೆಂದು ಕರೆಯದೆ, ಹಾಗಿರಬಹುದಾದ ‘ಅಭ್ಯರ್ಥಿ ಘಟನೆಗಳು’ ಎಂದು ಕರೆದರು.

ಮುಂದೆ ಅಮೆರಿಕದಲ್ಲಿ ಉಪ್ಪಿನ ಗಣಿಯೊಂದರೊಳಗೂ ಜಪಾನಿನ ಕಾಮಿಯೊಕಾ ಗಣಿಯಲ್ಲಿಯೂ ಸಾವಿರಾರು ಟನ್ ನೀರಿನ ದೊಡ್ಡ ಶೋಧಕಗಳು ಸಿದ್ಧವಾದುವು. ಅವುಗಳಲ್ಲಿ ಪ್ರೋಟಾನು ಒಡೆದ ಗುರುತು ಕಾಣಲಿಲ್ಲ. ಜಾರ್ಜಿ-ಗ್ಲಾಷೋ ಸಿದ್ಧಾಂತದ ಅತಿ ಸರಳ ರೂಪವನ್ನು ಕೈಬಿಡಬೇಕಾಯಿತು. ಕೋಲಾರದ ಪ್ರಯೋಗ 1992ರಲ್ಲಿ ನಿಂತಿತು. ಗಣಿಯೇ 2001ರಲ್ಲಿ ಮುಚ್ಚಿತು. 1996ರಲ್ಲಿ ಆರಂಭವಾದ, 50,000 ಟನ್ ನೀರಿನ ಸೂಪರ್-ಕಾಮಿಯೊಕಾಂಡೆಯ ಕಾವಲಿನಿಂದ, ಪ್ರೋಟಾನಿನ ಆಯುಸ್ಸು ಮುಖ್ಯವಾದೊಂದು ಬಗೆಯ ಒಡೆಯುವಿಕೆಯ ಮಟ್ಟಿಗೆ 10ರ 34ನೆಯ ಘಾತಕ್ಕಿಂತ ಹೆಚ್ಚು ವರ್ಷವೆಂದು ತಿಳಿದಿದೆ. ತಾತ ಓದಿದ ಸುದ್ದಿ ಇದೇ.

ಈಗ ಅವರ ಮಾತನ್ನು ಪರಿಶೀಲಿಸಬಹುದು. ‘ಇದಕ್ಕಿಂತ ಹೆಚ್ಚು’ ಎಂಬುದು ಒಂದು ಗಡಿಯೇ ಹೊರತು ನಿತ್ಯತ್ವವಲ್ಲ. ನಾಳೆ ಇನ್ನೂ ದೊಡ್ಡ ಶೋಧಕದಲ್ಲಿ ಒಂದು ಪ್ರೋಟಾನು ಒಡೆದರೂ ಒಡೆಯಬಹುದು. ಮೇಲಾಗಿ ಪ್ರೋಟಾನು ನಿರವಯವವಲ್ಲ, ಅದರೊಳಗೆ ಕ್ವಾರ್ಕುಗಳಿವೆ. ಆಗಮಗಳಲ್ಲಿ ಹೇಳಿರುವ ಪರಮಾಣುವಾದರೋ ಅವಿಭಾಜ್ಯವಾದುದು, ಆಕಾಶದ ಒಂದೇ ಪ್ರದೇಶದಲ್ಲಿ ನಿಲ್ಲುವಂಥದು. ಎರಡಕ್ಕೂ ಒಂದೇ ಹೆಸರನ್ನು ಇಟ್ಟಮಾತ್ರಕ್ಕೆ ಎರಡೂ ಒಂದೇ ವಸ್ತುವಾಗುವುದಿಲ್ಲ. ಕನ್ನಡದ ಪಠ್ಯಪುಸ್ತಕಗಳು ಇಂಗ್ಲಿಷಿನ ‘ಆಟಮ್’ ಎಂಬುದಕ್ಕೆ ‘ಪರಮಾಣು’ ಎಂಬ ಹಳೆಯ ಪದವನ್ನು ಎರವಲು ಪಡೆದುವು. ಪದದ ಎರವಲನ್ನು ಅರ್ಥದ ಸಾಕ್ಷಿಯೆಂದು ತಿಳಿಯುವುದು ತಪ್ಪು. ತಾತನ ವಾಕ್ಯದ ಎರಡು ತುದಿಗಳೂ ಹೀಗೆ ಸಡಿಲ. ಪ್ರಯೋಗವು ಹೇಳದುದನ್ನು ಅವರು ಪ್ರಯೋಗದ ಬಾಯಿಂದ ಹೇಳಿಸಿದ್ದಾರೆ. ಶಾಸ್ತ್ರವು ಹೇಳದುದನ್ನು ಶಾಸ್ತ್ರದ ಬಾಯಿಂದಲೂ ಹೇಳಿಸಿದ್ದಾರೆ.

ಮೂರು ಬಲಗಳ ಏಕತೆಯ ಕಥೆಯೇ ಹೀಗೆ ಅಪೂರ್ಣವಾಗಿರುವಾಗ ನಾಲ್ಕನೆಯದಾದ ಗುರುತ್ವದ ಕಥೆ ಇನ್ನೂ ಕಠಿಣವಾದುದು. ಐನ್‌ಸ್ಟೈನರು 1915ರಲ್ಲಿ ಪೂರ್ಣಗೊಳಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ದೇಶ-ಕಾಲವು ಎಲ್ಲಿಯೂ ಹರಿಯದ ನುಣುಪಾದ ವಸ್ತ್ರದಂತಿದೆ. ಗುರುತ್ವವೆಂದರೆ ಆ ವಸ್ತ್ರದ ಬಾಗು. 1925-26ರಲ್ಲಿ ರೂಪುಗೊಂಡ ಕ್ವಾಂಟಂ ಸಿದ್ಧಾಂತದಲ್ಲಿ ಶಕ್ತಿಯ ವಿನಿಮಯ ತುಣುಕುತುಣುಕಾಗಿಯೂ ಫಲಗಳು ಸಂಭವನೀಯತೆಯ ರೂಪದಲ್ಲಿಯೂ ಇರುತ್ತವೆ. ತಮ್ಮ ತಮ್ಮ ಕ್ಷೇತ್ರದಲ್ಲಿ ಎರಡೂ ಪರೀಕ್ಷೆಗೆ ನಿಂತಿವೆ. ಎರಡನ್ನೂ ಒಟ್ಟಿಗೆ ಅನ್ವಯಿಸಬೇಕಾದ ಕಡೆ, ಅಂದರೆ ಕೃಷ್ಣವಿವರದ ಗರ್ಭದಲ್ಲಿ ಅಥವಾ ವಿಶ್ವದ ಆದಿಯಲ್ಲಿ, ಲೆಕ್ಕಗಳು ಕುಸಿಯುತ್ತವೆ. ಅವುಗಳ ಸಮನ್ವಯವನ್ನು ಹುಡುಕುವುದೇ ಕ್ವಾಂಟಂ ಗುರುತ್ವದ ಸಂಶೋಧನೆ. ಆ ಸಮನ್ವಯ ಗೋಚರವಾಗಬೇಕಾದ ಅಳತೆಯನ್ನು ಪ್ಲಾಂಕ್ ಉದ್ದ ಎನ್ನುತ್ತಾರೆ. ಆ ಉದ್ದವನ್ನು ಒಂದು ಸಾಸಿವೆ ಕಾಳಿನಷ್ಟು ಹಿಗ್ಗಿಸಿದರೆ, ಅದೇ ಪ್ರಮಾಣದಲ್ಲಿ ಹಿಗ್ಗಿದ ಪ್ರೋಟಾನಿನ ಅಗಲವು ಸುಮಾರು ಹತ್ತು ಜ್ಯೋತಿರ್ವರ್ಷಗಳಾಗುತ್ತದೆ. ಅಷ್ಟು ಕಿರಿದನ್ನು ನೇರವಾಗಿ ನೋಡಬಲ್ಲ ಯಂತ್ರ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಈ ಹುಡುಕಾಟದ ಭಿನ್ನ ಭಿನ್ನ ದಾರಿಗಳಿಗೆ ಬೆಂಗಳೂರು ಒಂದೇ ನಗರದಲ್ಲಿ ಎಡೆಗೊಟ್ಟಿದೆ. ರಾಜಾಜಿನಗರಕ್ಕೆ ಅಷ್ಟೇನೂ ದೂರವಲ್ಲದ ಮೇಖ್ರಿ ವೃತ್ತದ ಬಳಿ, ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ, ಮಾಧವನ್ ವರದರಾಜನ್ ದೇಶವನ್ನು ಸೂಕ್ಷ್ಮ ಕುಣಿಕೆಗಳ ಹೆಣಿಗೆಯಾಗಿ ಕಾಣುವ ಸಿದ್ಧಾಂತದಲ್ಲಿಯೂ, ಸುಮತಿ ಸೂರ್ಯ ದೇಶ-ಕಾಲವನ್ನು ಕಾರಣ-ಕಾರ್ಯ ಸಂಬಂಧದಿಂದ ಪೋಣಿಸಿದ ಬಿಡಿ ಬಿಂದುಗಳ ಸಮೂಹವಾಗಿ ಕಾಣುವ ಸಿದ್ಧಾಂತದಲ್ಲಿಯೂ ಸಂಶೋಧನೆ ನಡೆಸಿದ್ದಾರೆ. ನಗರದ ಉತ್ತರದಲ್ಲಿ, ಹೆಸರಘಟ್ಟದ ಕಡೆ, 2007ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಿದೆ. ಅದರ ಮೊದಲ ನಿರ್ದೇಶಕರಾದ ಸ್ಪೆಂಟಾ ವಾಡಿಯಾ ಮತ್ತು ಅವರ ನಂತರದ ರಾಜೇಶ್ ಗೋಪಕುಮಾರ್ ಮೂಲಕಣಗಳನ್ನು ಕಂಪಿಸುವ ತಂತಿಗಳೆಂದು ಕಾಣುವ ಸಿದ್ಧಾಂತದಲ್ಲಿ ಹೆಸರಾದವರು. ಈ ಮೂರು ದಾರಿಗಳಲ್ಲಿ ಯಾವುದನ್ನೂ ಪ್ರಯೋಗವು ಇದುವರೆಗೆ ಎತ್ತಿ ಹಿಡಿದಿಲ್ಲ. ಅತಿ ಸಣ್ಣ ಎರಡು ಕಾಯಗಳನ್ನು ಹತ್ತಿರವಿಟ್ಟು ಗುರುತ್ವಕ್ಕೆ ಕ್ವಾಂಟಂ ಸ್ವಭಾವವಿದೆಯೇ ಎಂದು ನೋಡುವ ಪ್ರಯೋಗವೊಂದನ್ನು 2017ರಲ್ಲಿ ಸೂಚಿಸಲಾಯಿತು. ಅದನ್ನು ಮಾಡಿ ತೋರಿಸುವ ಕಾರ್ಯ ಇನ್ನೂ ಆಗಬೇಕಾಗಿದೆ.

ಇಲ್ಲಿಯೂ ತಾತನ ಮನಸ್ಸಿಗೆ ಪ್ರಲೋಭನೆಯುಂಟು. ಕಾಲವು ಬಿಡಿಬಿಡಿಯಾಗಿರಬಹುದೆಂದು ಕೇಳಿದೊಡನೆ ‘ಸಮಯ’ವೆಂಬ ಕಾಲದ ಅವಿಭಾಜ್ಯ ಅಂಶದ ನೆನಪಾಗುತ್ತದೆ. ನೆನಪಾಗುವುದು ತಪ್ಪಲ್ಲ, ಹೋಲಿಕೆಯು ಚಿಂತನೆಗೆ ಬಾಗಿಲನ್ನು ತೆರೆಯುತ್ತದೆ. ಆದರೆ ಹೋಲಿಕೆಯನ್ನು ಪ್ರಮಾಣವೆಂದರೆ ಅಪಾಯವೂ ಅದರೊಂದಿಗೇ ಬರುತ್ತದೆ. 2009ರ ಮೇ ತಿಂಗಳಿನಲ್ಲಿ ಫರ್ಮಿ ಉಪಗ್ರಹವು ದೂರದ ಸ್ಫೋಟವೊಂದರ ಬೆಳಕನ್ನು ಹಿಡಿಯಿತು. 700 ಕೋಟಿಗೂ ಹೆಚ್ಚು ವರ್ಷ ಪಯಣಿಸಿದ್ದ ಹೆಚ್ಚು ಶಕ್ತಿಯ ಬೆಳಕೂ ಕಡಿಮೆ ಶಕ್ತಿಯ ಬೆಳಕೂ ಒಂದು ಸೆಕೆಂಡಿನೊಳಗೇ ಬಂದು ತಲುಪಿದ್ದುವು. ದೇಶ-ಕಾಲ ಕಣಮಯವಾಗಿದ್ದರೆ ಅವುಗಳ ವೇಗದಲ್ಲಿ ವ್ಯತ್ಯಾಸವಿರಬೇಕೆಂದು ಹೇಳುತ್ತಿದ್ದ ಕೆಲವು ಸರಳ ಕಲ್ಪನೆಗಳಿಗೆ ಇದರಿಂದ ಬಲವಾದ ಪೆಟ್ಟು ಬಿದ್ದಿತು. ಕಾಲದ ಬಿಡಿತನವನ್ನು ವಿಜ್ಞಾನ ಒಪ್ಪಿತೆಂದು ಹಿಂದಿನ ದಿನ ಉಪದೇಶಿಸಿದವರು ಮರುದಿನ ಏನು ಹೇಳಬೇಕು? ಶ್ರದ್ಧೆಯನ್ನು ಹೀಗೆ ಪ್ರಯೋಗಶಾಲೆಯ ಗೂಟಕ್ಕೆ ಕಟ್ಟಿದರೆ, ಗೂಟವನ್ನು ಕಿತ್ತ ದಿನ ಶ್ರದ್ಧೆಯೂ ಅದರೊಂದಿಗೆ ಹೋಗುತ್ತದೆ.

ಹಾಗಾದರೆ ಅನೇಕಾಂತದ ದೃಷ್ಟಿಯಿಂದ ಎಲ್ಲ ಮತಗಳೂ ಸರಿಯೆಂದು ಹೇಳಿ ಸುಮ್ಮನಿರಬಹುದೇ? ಇದು ಅನೇಕಾಂತವನ್ನು ಕುರಿತು ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ. ಪ್ರೋಟಾನು ಇಂತಿಷ್ಟು ವರ್ಷಗಳೊಳಗೆ ಒಡೆಯುತ್ತದೆ ಎಂಬ ಮಾತು ಒಂದೋ ನಿಲ್ಲಬೇಕು, ಇಲ್ಲವೇ ಬೀಳಬೇಕು. ಜಾರ್ಜಿ-ಗ್ಲಾಷೋ ಸಿದ್ಧಾಂತದ ಸರಳ ರೂಪ ಬಿದ್ದೇಹೋಯಿತು. ಒಂದು ನಯವು ಯಾವ ಅಪೇಕ್ಷೆಯಿಂದ, ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಹೇಳುವ ಹೊಣೆಯನ್ನು ‘ಸ್ಯಾತ್’ ಎಂಬ ಪದವು ಹೊರಿಸುತ್ತದೆ. ಉಳಿದ ನಯಗಳನ್ನು ಅಲ್ಲಗಳೆಯುವ ನಯ ದುರ್ನಯ. ತನ್ನ ಮೇರೆಯನ್ನು ಹೇಳದೆ ಎಲ್ಲರೊಡನೆಯೂ ತಲೆಯಾಡಿಸುವುದಾದರೋ ಕೇವಲ ಆಲಸ್ಯ. ಕೋಲಾರದ ಆಳದಲ್ಲಿ ಬಳಕೆಯಾದ ‘ಅಭ್ಯರ್ಥಿ’ ಎಂಬ ಪದ ಇವೆರಡಕ್ಕೂ ಸೇರಿದುದಲ್ಲ. ಕಂಡುದನ್ನು ಅಲ್ಲಗಳೆಯದೆ, ಕಾಣದುದನ್ನು ಸೇರಿಸದೆ, ಎಷ್ಟು ಕಂಡಿತೋ ಅಷ್ಟನ್ನೇ ಹೇಳಿದ ಮಾತು ಅದು.

ಇಂತಹ ಸಂಯಮವು ಒಂದು ಜೀವಮಾನವನ್ನೇ ಬೇಡಬಹುದು. ಕನ್ನಡದ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿದ ಸಿ.ವಿ. ವಿಶ್ವೇಶ್ವರ, 1970ರಲ್ಲಿ ಪ್ರಕಟಿಸಿದ ಲೆಕ್ಕವೊಂದರಲ್ಲಿ, ಕಲಕಿದ ಕೃಷ್ಣವಿವರವು ಬಸದಿಯ ಘಂಟೆಯನ್ನು ಬಾರಿಸಿದಾಗ ನಾದವು ಹೊರಟು ಕ್ರಮೇಣ ಅಡಗುವಂತೆ ಗುರುತ್ವ ತರಂಗಗಳನ್ನು ಹೊರಡಿಸಿ ಶಾಂತವಾಗಬೇಕೆಂದು ತೋರಿಸಿದರು. ಕೃಷ್ಣವಿವರಗಳು ಇವೆಯೋ ಇಲ್ಲವೋ ಎಂಬುದೇ ಆಗ ಚರ್ಚೆಯಲ್ಲಿದ್ದ ವಿಷಯ. ಅವರು ರಾಮನ್ ಸಂಸ್ಥೆಯಲ್ಲಿ ಸಂಶೋಧನೆ ಮಾಡಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಮಕ್ಕಳಿಗೆ ಆಕಾಶವನ್ನು ತೋರಿಸಿದರು. 2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕೃಷ್ಣವಿವರಗಳು ಒಂದಾದ ಸಂಕೇತ ಮೊದಲ ಬಾರಿಗೆ ದೊರೆತಾಗ, ಅದರ ತುದಿಯಲ್ಲಿ ಆ ನಾದದ ಸುಳಿವಿತ್ತು. ಲೆಕ್ಕಕ್ಕೂ ಸಾಕ್ಷಿಗೂ ನಡುವೆ 45 ವರ್ಷಗಳು ಕಳೆದಿದ್ದುವು. ವಿಶ್ವೇಶ್ವರ 2017ರ ಜನವರಿಯಲ್ಲಿ ತೀರಿಕೊಂಡರು. 2025ರ ಜನವರಿಯಲ್ಲಿ ದೊರೆತ ಇನ್ನೂ ಸ್ಪಷ್ಟವಾದ ಸಂಕೇತದಲ್ಲಿ ಆ ನಾದದ ಎರಡು ಸ್ವರಗಳನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವಾಯಿತು. ಅದನ್ನು ಕಾಣಲು ಅವರಿರಲಿಲ್ಲ.

ಹಿಡಿದುದನ್ನು ಕಾಯುವುದು ಒಂದು ಗುಣವಾದರೆ ಹಿಡಿದುದನ್ನು ಬಿಡುವುದು ಮತ್ತೊಂದು. ಕೃಷ್ಣವಿವರದೊಳಗೆ ಬಿದ್ದುದರ ವಿವರಗಳು ಜಗತ್ತಿನಿಂದಲೇ ಅಳಿಸಿಹೋಗುತ್ತವೆಂದು ಸ್ಟೀಫನ್ ಹಾಕಿಂಗ್ ಬಹುಕಾಲ ವಾದಿಸಿದ್ದರು; 1997ರಲ್ಲಿ ಕಿಪ್ ಥಾರ್ನ್ ಅವರೊಡಗೂಡಿ ಜಾನ್ ಪ್ರೆಸ್ಕಿಲ್ ಅವರ ವಿರುದ್ಧ ಪಂಥವನ್ನೂ ಕಟ್ಟಿದ್ದರು. 2004ರಲ್ಲಿ ಡಬ್ಲಿನ್ ನಗರದ ವಿದ್ವತ್ಸಭೆಯಲ್ಲಿ ಸೋತೆನೆಂದು ಒಪ್ಪಿ, ಪಂಥದ ಮಾತಿನಂತೆ ವಿಶ್ವಕೋಶವೊಂದನ್ನು ಒಪ್ಪಿಸಿದರು. ಥಾರ್ನ್ ಆಗ ಒಪ್ಪಲಿಲ್ಲ. ಪ್ರಶ್ನೆಯೂ ಪೂರ್ತಿಯಾಗಿ ಬಗೆಹರಿದಿಲ್ಲ. ಆದರೆ ಮೂವತ್ತು ವರ್ಷ ತನ್ನದೆಂದುಕೊಂಡಿದ್ದ ಮತವನ್ನು ಸಭೆಯ ನಡುವೆ ಕೆಳಗಿಳಿಸಿದುದು ಸಣ್ಣ ತ್ಯಾಗವಲ್ಲ. ಪರಿಗ್ರಹವು ಹೊರಗಿನ ಸೊತ್ತಿನಿಂದ ಮುಗಿಯುವುದಿಲ್ಲ. ಮಿಥ್ಯಾತ್ವವೂ ಕ್ರೋಧ, ಮಾನ, ಮಾಯೆ, ಲೋಭಗಳೂ ಅಭ್ಯಂತರ ಪರಿಗ್ರಹಗಳೆಂದು ಆಚಾರ್ಯರು ಎಣಿಸಿದ್ದಾರೆ. ‘ನನ್ನ ಮತವೇ ಗೆಲ್ಲಬೇಕು’ ಎಂಬುದು ಮಾನದ ಒಂದು ರೂಪ. ‘ನಮ್ಮವರೇ ಮೊದಲು ಹೇಳಿದ್ದರು’ ಎಂಬುದೂ ಅದರದೇ ಮತ್ತೊಂದು ರೂಪವಲ್ಲವೇ?

ಇದಕ್ಕೆ ಒಂದು ಆಕ್ಷೇಪವುಂಟು. ತಾತನ ಮಾತಿನಿಂದ ಯಾರಿಗೆ ಹಾನಿಯಾಯಿತು? ಮಗುವಿನಲ್ಲಿ ಧರ್ಮದ ಅಭಿಮಾನ ಬೆಳೆದರೆ ಒಳ್ಳೆಯದೇ ಅಲ್ಲವೇ? ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಪ್ರೀತಿಯಿದೆ. ಆದರೆ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲು ಎಣಿಸಿರುವುದು ಮಿಥ್ಯೋಪದೇಶ. ಅಸತ್ಯದ ಮೂಲವನ್ನು ಶಾಸ್ತ್ರಕಾರರು ಪ್ರಮಾದದಲ್ಲಿ ಕಂಡರು. ದ್ವೇಷವಿಲ್ಲದಿದ್ದರೂ ಅಜಾಗರೂಕತೆ ಸಾಕು. ಹಾನಿಯೂ ಇಲ್ಲದಿಲ್ಲ. ಜ್ಞಾನಭಾರತಿಯ ತರಗತಿಯಲ್ಲಿ ಕುಳಿತ ಆ ಹುಡುಗಿಗೆ ಪ್ರೋಟಾನಿನ ವಿಷಯದಲ್ಲಿ ತಾತನ ಮಾತು ಸರಿಯಲ್ಲವೆಂದು ಗೊತ್ತು. ಅಲ್ಲಿ ಸಡಿಲವಾಗಿ ನುಡಿದವರು ಆತ್ಮದ ವಿಷಯದಲ್ಲಿ, ಅಹಿಂಸೆಯ ವಿಷಯದಲ್ಲಿ ಎಷ್ಟು ಬಿಗಿಯಾಗಿ ನುಡಿದಿರಬಹುದೆಂಬ ಸಂದೇಹ ಅವಳಲ್ಲಿ ಹುಟ್ಟಿದರೆ ಅದಕ್ಕೆ ಹೊಣೆ ಯಾರು? ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯ ಆರಂಭದಲ್ಲಿಯೇ, ದೇವತೆಗಳ ಆಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಪೂಜ್ಯತೆಗೆ ಕಾರಣವಾಗಲಾರವೆಂದು ಹೇಳಿ, ಆಪ್ತನನ್ನೇ ವಿಚಾರದ ಒರೆಗೆ ಹಚ್ಚಿದರು. ಅಂತಹ ಪರಂಪರೆಯವರು ಆಗಮಕ್ಕೆ ಪ್ರಯೋಗಶಾಲೆಯ ಚಾಮರವನ್ನು ಬೀಸುವ ಅಗತ್ಯವಿಲ್ಲ.

ಇದರ ಮತ್ತೊಂದು ಬದಿಯನ್ನೂ ಹೇಳದಿದ್ದರೆ ಮಾತು ಏಕಾಂತವಾಗುತ್ತದೆ. ಅಳೆಯಲು ಬಾರದುದು ಇಲ್ಲವೇ ಇಲ್ಲವೆಂದು ವಿಜ್ಞಾನದ ಹೆಸರಿನಲ್ಲಿ ಯಾರಾದರೂ ಹೇಳಿದರೆ ಅದೂ ಅಷ್ಟೇ ಅಜಾಗರೂಕವಾದ ನುಡಿ. ಪ್ರಯೋಗದ ಗಡಿ ಪ್ರಯೋಗದ ಗಡಿಯೇ ಹೊರತು ಸತ್ತಿನ ಗಡಿಯಲ್ಲ. ಪುರಾತನ ಚಿಂತನೆಯಿಂದ ವಿಜ್ಞಾನಿಗಳು ಕಲಿಯಬಹುದಾದುದು ಇಲ್ಲವೆಂದಲ್ಲ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೊಬಿಸ್ 1954ರಲ್ಲಿಯೂ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿಯೂ ಸ್ಯಾದ್ವಾದವನ್ನು ಕುರಿತು ಬರೆದರು. ಅವರಿಬ್ಬರನ್ನೂ ಸೆಳೆದುದು ಅನಿಶ್ಚಯದ ನಡುವೆ ಎಚ್ಚರದಿಂದ ನುಡಿಯುವ ಕ್ರಮ. ಪರಂಪರೆಯು ಜಗತ್ತಿಗೆ ಕೊಡಬಲ್ಲ ಸೊತ್ತು ಅಲ್ಲಿಯೇ ಇದೆ.

ಆದುದರಿಂದ ಬಸದಿಗಳ ಟ್ರಸ್ಟುಗಳೂ ಪಾಠಶಾಲೆಗಳೂ ಆಚರಣೆಗೆ ತರಬಹುದಾದುದು ಬಹಳ ಸರಳ. ರಾಜಾಜಿನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಪುದ್ಗಲದ ಪಾಠ ಮಾಡುವಾಗ, ಆಗಮವು ಹೀಗೆ ಹೇಳುತ್ತದೆ, ಈ ಅಪೇಕ್ಷೆಯಿಂದ ಹೇಳುತ್ತದೆ ಎಂದು ಹೇಳುವುದು. ಭೌತವಿಜ್ಞಾನವು ಇಂದು ಇಷ್ಟನ್ನು ತಿಳಿದಿದೆ, ಇಷ್ಟನ್ನು ತಿಳಿದಿಲ್ಲ ಎಂದು ಬೇರೆಯಾಗಿ ಹೇಳುವುದು. ಎರಡನ್ನೂ ಕೂಡಿಸುವ ಅವಸರವನ್ನು ಮಾಡದಿರುವುದು. ಭೌತಶಾಸ್ತ್ರ ಓದಿದ ಮಕ್ಕಳು ಸಮಾಜದಲ್ಲಿಯೇ ಇರುವಾಗ, ಉಪನ್ಯಾಸಕ್ಕೆ ಮುಂಚೆ ಅವರನ್ನು ಒಮ್ಮೆ ಕೇಳುವುದರಿಂದ ಹಿರಿತನಕ್ಕೆ ಕುಂದು ಬರುವುದಿಲ್ಲ.

ವಿಜಯನಗರದ ಆ ಮನೆಯಲ್ಲಿ ಸಂಭಾಷಣೆ ಮುಂದುವರಿಯಲು ಇನ್ನೂ ಅವಕಾಶವಿದೆ. ಮೊಮ್ಮಗಳ ಮೌನವನ್ನು ಗಮನಿಸಿದ ತಾತ ಕನ್ನಡಕವನ್ನು ತೆಗೆದಿಟ್ಟು, “ಯಾಕೆ ಮಗು, ನಾನು ಹೇಳಿದ್ದು ಸರಿಯಿಲ್ಲವೇನಮ್ಮ? ನೀನು ಓದಿದವಳು, ಹೇಳು” ಎಂದರೆ ಸಾಕು. ಅವಳು ಕೋಲಾರದ ಗಣಿಯ ಕಥೆಯಿಂದ ಆರಂಭಿಸಬಹುದು. ಅವರು ಕೇಳುತ್ತಾ ಹೋಗಬಹುದು. ಕೊನೆಯಲ್ಲಿ ಪ್ರೋಟಾನು ಒಡೆಯುತ್ತದೆಯೇ ಇಲ್ಲವೇ ಎಂದು ತಾತ ಕೇಳಿದಾಗ ಅವಳು, “ಯಾರಿಗೂ ಇನ್ನೂ ಗೊತ್ತಿಲ್ಲ ತಾತ” ಎನ್ನುತ್ತಾಳೆ. ಆ ಸಂಜೆ ಆ ಮನೆಯಲ್ಲಿ ಸತ್ಯಾಣುವ್ರತವನ್ನು ಇಬ್ಬರೂ ಪಾಲಿಸಿದಂತಾಗುತ್ತದೆ.